ಛತ್ರ ಕಟ್ಟಿಸಿದ ರಾಜನ ಊರಿನವರು

ಮೊನ್ನೆ ಆಫೀಸಿನಲ್ಲಿ ಯಾರೋ ಡೋನಟ್ ಡಬ್ಬಿ ತೆರೆದರು. ಬಿಸಿ ಸಕ್ಕರೆಪಾಕದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮೊದಲಿದ್ದ ಲಾಸ್ ಕೊಲಿನಾಸ್ ಊರಿನ ಒಂದು ಪುಟ್ಟ ಡೋನಟ್ ಅಂಗಡಿ, ಅದನ್ನು ನಡೆಸುತ್ತಿದ್ದ ಕಾಂಬೋಡಿಯಾದ ಅಂಕಲ್... ಕಣ್ಣು ತುಂಬಿ ಬಂತು.

ತೊಂಬತ್ತರ ದಶಕದ ಕೊನೆಯ ಮಾತು. ಕೆಲಸಕ್ಕೆ ಹೋಗುವ ಮುಂಚೆ ಅಲ್ಲಿ ಕಾಫಿ ಕುಡಿಯದಿದ್ದರೆ ನನಗೆ ಬೆಳಗೇ ಆಗುತ್ತಿರಲಿಲ್ಲ. ಗಲ್ಲಾದ ಹಿಂದೆ, ಕಣ್ಣು ಮುಚ್ಚಿ ನಗುವ ಕಲ್ಲಿನ ಮುಖದ ಒಂದು ಪಟ. ದಿನದ ಮೊದಲ ಡೋನಟ್ ಅದಕ್ಕೇ. ನೈವೇದ್ಯವಲ್ಲದೆ ಮತ್ತೇನು? ಬುದ್ಧನೆಂದುಕೊಂಡು ತಿಂಗಳುಗಟ್ಟಲೆ ಕೈಮುಗಿದೆ. ಮೈಸೂರಿನಿಂದ ಬಂದಿದ್ದ ಅಮ್ಮನಿಂದಲೂ ಕೈಮುಗಿಸಿದೆ.

ಅಂದು ಅಂಕಲ್ ನಕ್ಕೇಬಿಟ್ಟರು. "ಅದು ಬುದ್ಧ ಅಲ್ಲಮ್ಮ, ನಮ್ಮ ಹಳೇ ರಾಜ," ಎಂದರು ತಮ್ಮ ಹರಕುಮುರುಕು ಇಂಗ್ಲಿಷಿನಲ್ಲಿ. ಬುದ್ಧನ ಮಹಾಭಕ್ತನಂತೆ. ಪ್ರಜೆಗಳಿಗೆ ಕಾಯಿಲೆಯಾದರೆ ತನಗೇ ಬಂದಂತೆ ನೋಯುತ್ತಿದ್ದನಂತೆ. ರಾಜ್ಯದ ತುಂಬ ಆಸ್ಪತ್ರೆ, ದಾರಿಯುದ್ದಕ್ಕೂ ದಾರಿಹೋಕರಿಗೆ ಕಲ್ಲಿನ ತಂಗುಮನೆ ಕಟ್ಟಿಸಿದನಂತೆ. ನಾನು ಪೆಚ್ಚಾಗಿ ಅಮ್ಮನಿಗೆ ವಿಷಯ ಹೇಳಿದೆ.

"ರಾಜ ಆದ್ರೇನಂತೆ? ಛತ್ರ ಕಟ್ಸಿದೋನು ದೇವರೇ ಕಣೇ," ಎಂದು ಅಮ್ಮ ಇನ್ನೊಮ್ಮೆ ಕೈಮುಗಿದಳು.

ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅಂಕಲ್ ಮುಖದ ನಗು ಆರಿತು. ಅವರ ದೇಶದಲ್ಲಿ ಬಂದೂಕಿನವರು ಊರುಗಳನ್ನೇ ಖಾಲಿ ಮಾಡಿಸಿ ಜನರನ್ನು ನಡೆಸಿಕೊಂಡು ಹೋದ ಆ ಕೆಟ್ಟ ಕಾಲದಲ್ಲಿ, ಜ್ವರದಲ್ಲಿದ್ದ ತಾಯಿಯನ್ನು ಅಂಥದೊಂದು ಪಾಳು ತಂಗುಮನೆಯಲ್ಲಿ ಮಲಗಿಸಿ ನೀರು ತರಲು ಹೋಗಿದ್ದರಂತೆ. ಬಂದೂಕಿನವರು ವಾಪಸ್ ಬಿಡಲಿಲ್ಲ... "ಒಂದ್ಸಲ ಅಲ್ಲಿಗೆ ಹೋಗಿ ಊದುಬತ್ತಿ ಹಚ್ಚಬೇಕು," ಎಂದರು. ಆದರೆ ಅಂಗಡಿಗೆ ರಜೆಯೆಂಬುದೇ ಇರಲಿಲ್ಲ. ಇವತ್ತಲ್ಲ ನಾಳೆ ಎನ್ನುತ್ತಲೇ ವರ್ಷಗಳು ಸರಿದವು.

ನಾನು ಸೀಡರ್ ಪಾರ್ಕ್ ಎಂಬ ಊರಿಗೆ ಶಿಫ್ಟ್ ಆದ ಮೇಲೆ, ಕೊನೆಗೂ ಅವರು ಹೋಗಿಬಂದ ಸುದ್ದಿ ತಿಳಿಯಿತು. ಫೋನ್ ಮಾಡಿದೆ.

"ಆ ಜಾಗ ಸಿಕ್ತಾ ಅಂಕಲ್?"



"ಎಲ್ಲಾ ಒಂದೇ ಥರ ಕಾಣ್ತವಮ್ಮ. ಸಿಕ್ಕಿದ್ದರಲ್ಲೆಲ್ಲಾ ಹಚ್ಚಿದೆ. ಯಾವುದೋ ಒಂದರಲ್ಲಿ ಇರ್ತಾಳೆ."

ಅವರೇ ಮಾತು ತಿರುಗಿಸಿ, ಅಮ್ಮನಿಗೆ ಫೋನ್ ಮಾಡಿದೆಯಾ ಎಂದು ಗದರಿದರು. ಆಮೇಲೆ ನಾನು ಯಾವಾಗ ಮಾತಾಡಿಸಿದರೂ ಅವರ ಮೊದಲ ಪ್ರಶ್ನೆ ಅದೇ.

ಅಂಕಲ್ ತೀರಿಕೊಂಡು ಬಹಳ ಕಾಲವಾಯಿತು. ಈಗ ಹಾಗೆ ಗದರುವವರು ಯಾರೂ ಇಲ್ಲ. ಗದರಿದರೂ, ಮೈಸೂರಿನಲ್ಲಿ ಫೋನ್ ಎತ್ತಲು ಅಮ್ಮನೂ ಇಲ್ಲ.