ಬೀಗ ಹಾಕಿದ ಮನೆಯ ಇಂಟರ್‌ನೆಟ್

ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಬಾಲಾನಗರದಲ್ಲಿ ಲೇತ್ ಮೇಲೆ ಕೆಲಸ. ಇಂಟರ್‌ನೆಟ್ ಬೇಕಾಗಿದ್ದದ್ದು ನನಗಲ್ಲ, ಅಕ್ಕನಿಗೆ.

ಅಕ್ಕ ಗಂಡನ ಮನೆ ಬಿಟ್ಟು ಬಂದಿದ್ದಳು. ಯಾಕೆ ಎಂದು ಅವಳ ಬೆನ್ನು ನೋಡಿದ ಅವ್ವನಿಗೆ ಗೊತ್ತಿತ್ತು. ಅಪ್ಪ ನೋಡಿರಲಿಲ್ಲ. ರೈಲ್ವೆ ಡ್ಯೂಟಿ ಮುಗಿಸಿ ಬಂದು, ಬೂಟು ಬಿಚ್ಚುತ್ತಾ ಒಂದೇ ಮಾತು ಹೇಳಿದ.

"ಒಂದ್ ತಿಂಗಳು ನೋಡ್ತೀನಿ. ಕೆಲಸ ಹತ್ತಿತಂದ್ರ ಇಲ್ಲೇ ಇರು. ಇಲ್ಲಂದ್ರ ನಾನೇ ಕರ್ಕೊಂಡ್ ಹೋಗಿ ಬಿಟ್ಟು ಬರ್ತೀನಿ."

ಅಕ್ಕ ಡಿಗ್ರಿ ಮುಗಿಸಿದವಳು. ಆಗ ಹೈದರಾಬಾದಿನಲ್ಲಿ ಕಂಪ್ಯೂಟರ್ ಮುಟ್ಟಿದವರಿಗೆಲ್ಲ ಏನಾದರೊಂದು ಕೆಲಸ ಸಿಗುತ್ತಿತ್ತು. ಇವಳಿಗೆ ಮನೆಯಲ್ಲೇ ಕೂತು ಮಾಡುವ ಕೆಲಸ ಸಿಕ್ಕಿತು. ಅಮೆರಿಕದ ಡಾಕ್ಟರುಗಳು ರೋಗಿಗಳ ಬಗ್ಗೆ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುತ್ತಾರೆ. ಆ ದನಿ ಇಂಟರ್‌ನೆಟ್‌ನಲ್ಲಿ ಬರುತ್ತದೆ. ಕೇಳಿ ಟೈಪ್ ಮಾಡಿ ಮಧ್ಯಾಹ್ನ ಮೂರೂವರೆಯೊಳಗೆ ವಾಪಸ್ ಕಳಿಸಬೇಕು. ಮೊದಲ ತಿಂಗಳು ಪರೀಕ್ಷೆ. ಮೂರು ಸಲ ತಡವಾದರೆ ಮನೆಗೆ. ಇವಳಿಗೆ ಮನೆ ಎಂದರೆ ಗಂಡನ ಆ ಮನೆ.

ಹಳೆಯ ಕಂಪ್ಯೂಟರ್ ತಂದೆವು. ಇನ್ನು ಲೈನ್ ಬೇಕು. ನಮ್ಮದು ಮಲ್ಕಾಜ್‌ಗಿರಿಯಲ್ಲಿ ರೈಲ್ವೆ ಹಳಿಗೆ ಅಂಟಿದ ಗಲ್ಲಿ. ಟೆಲಿಫೋನ್ ಆಫೀಸಿಗೆ ಹೋದೆ. ಮೂಲೆಯ ಕಂಬದ ಪೆಟ್ಟಿಗೆಯಲ್ಲಿ ಖಾಲಿ ಲೈನ್ ಇಲ್ಲ, ಯಾರಾದರೂ ಬಿಟ್ಟರೆ ಇಲ್ಲವೇ ಸತ್ತರೆ ನೋಡೋಣ ಎಂದರು. ಕಂಪ್ಯೂಟರಿಗೆ ಚುಚ್ಚುವ ಇಂಟರ್‌ನೆಟ್ ಸ್ಟಿಕ್ ಸಿಗುತ್ತಿತ್ತು. ಅದರ ಬಾಡಿಗೆಯೇ ನನ್ನ ಅರ್ಧ ಪಗಾರ, ಮೇಲೆ ನಮ್ಮ ಮನೆಯಲ್ಲಿ ಅದಕ್ಕೆ ಸಿಗ್ನಲ್ಲೇ ಇಲ್ಲ. ಉಳಿದವನು ಟಿವಿ ಕೇಬಲ್‌ನವನು.

"ಪೂರೀ ಗಲ್ಲಿ ಮೇ ಮೈಚ್ ಹೂಂ ಭಯ್ಯಾ," ಅಂದ ಅವನು. ಇಡೀ ಗಲ್ಲಿಗೆ ನಾನೊಬ್ಬನೇ ಎಂದು. ನಿಜವೇ. ದರವೂ ಕಮ್ಮಿ. ಹಾಕಿಸಿದೆವು.

ವೈರು ಮಾಳಿಗೆಯಿಂದ ಮಾಳಿಗೆಗೆ ಬರುತ್ತದೆ. ಮನೆಮನೆಗೆ ಲೈನ್ ಹಂಚುವ ಡಬ್ಬಿ ಗಲ್ಲಿಗೊಂದು ಇರಬೇಕು, ಅದಕ್ಕೆ ಕರೆಂಟ್ ಬೇಕು. ಕರೆಂಟ್ ಕೊಟ್ಟ ಮನೆಗೆ ಟಿವಿ ಪುಕ್ಕಟೆ, ಇಂಟರ್‌ನೆಟ್ ಅರ್ಧ ದರ. ಇದು ಅವನ ಪದ್ಧತಿ. ನಮ್ಮ ಗಲ್ಲಿಯ ಡಬ್ಬಿ ಎದುರು ಮನೆಯಲ್ಲಿತ್ತು. ಆ ಮನೆಯ ಯಜಮಾನ ರೈಲ್ವೆ ಗಾರ್ಡ್, ರಾಯಚೂರು ಕಡೆಯವರು, ಮೂರು ತಿಂಗಳ ಹಿಂದೆ ತೀರಿಕೊಂಡಿದ್ದರು. ಮಕ್ಕಳಿಲ್ಲ. ಹೆಂಡತಿ ತವರಿಗೆ ಹೋದರಂತೆ. ಮುಂಬಾಗಿಲಿಗೆ ಕೈಯಗಲದ ಬೀಗ. ಡಬ್ಬಿ ಮಾತ್ರ ಒಳಗೆ ನಡೆಯುತ್ತಿತ್ತು.

ಅಕ್ಕ ಒಂದು ದಿನ ಹೆಡ್‌ಫೋನ್ ನನ್ನ ಕಿವಿಗಿಟ್ಟಳು. ಒಬ್ಬ ಗಂಡಸು ಒಂದೇ ಸಮನೆ ಮಾತಾಡುತ್ತಿದ್ದ. ನಡುವೆ ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು.

"ಏನಂತಾನ?"

"ಒಬ್ಬಾಕಿ ಸತ್ತಾಳ. ಹೆಂಗ ಸತ್ತಳು ಅಂತ ಹೇಳಾಕತ್ತಾನ."

"ಯಾವಾಗ ಸತ್ತಾಳ?"

"ನಿನ್ನೆ."

ಹೆಡ್‌ಫೋನ್ ತೆಗೆದು ಕೊಟ್ಟೆ. ಸತ್ತ ಗಾರ್ಡಿನ ಮನೆಯಿಂದ ಸತ್ತವರ ಸುದ್ದಿ ಬರುತ್ತಿದೆ ಅನ್ನಿಸಿತು. ಅಕ್ಕನಿಗೆ ಹೇಳಲಿಲ್ಲ.

ಎರಡನೆಯ ವಾರ ಲೈನ್ ಹೋಯಿತು. ಮಧ್ಯಾಹ್ನ ಮೂರೂ ಕಾಲಿಗೆ ಹೋದದ್ದು ಮೂರು ನಲವತ್ತಕ್ಕೆ ಬಂತು. ಫೈಲ್ ತಡವಾಯಿತು. ಒಂದು. ಮರುದಿನ ಅಕ್ಕ ಬೇಗ ಮುಗಿಸಿದಳು, ಬಚಾವಾದಳು. ಲೈನ್ ಮಾತ್ರ ಅದೇ ಹೊತ್ತಿಗೆ ಹೋಯಿತು. ಅದರ ಮರುದಿನವೂ. ಆ ವಾರದ ಕೊನೆಗೆ ಡಾಕ್ಟರನ ಫೈಲ್ ಉದ್ದವಿತ್ತು. ಎರಡು.

ಕೇಬಲ್‌ನವನಿಗೆ ಬೈದೆ. ಬೀಗದ ಕೈ ತನ್ನ ಹತ್ತಿರ ಇಲ್ಲ, ನಡೆಯುತ್ತಿರುವುದನ್ನು ಯಾಕೆ ಮುಟ್ಟಬೇಕು ಅಂದ. ಗಲ್ಲಿಯಲ್ಲಿ ಉಳಿದವರೆಲ್ಲ ಸಂಜೆ ಗೇಮ್ ಆಡುವವರು. ಮೂರು ಗಂಟೆಯ ಚಿಂತೆ ಯಾರಿಗೂ ಇರಲಿಲ್ಲ.

ನನ್ನ ಶಿಫ್ಟ್ ಎರಡಕ್ಕೆ ಮುಗಿಯುತ್ತದೆ. ಸೋಮವಾರ ಮೂರಕ್ಕೆ ಆ ಮನೆಯ ಗೇಟಿನೊಳಗೆ ಹೋಗಿ ನಿಂತೆ. ಬಿಸಿಲು ಸುಡುತ್ತಿತ್ತು. ಬಾಗಿಲ ಮೇಲಿನ ಕಿಂಡಿಯಲ್ಲಿ ನೋಡಿದರೆ ಕತ್ತಲಲ್ಲಿ ಎರಡು ಹಸಿರು ದೀಪ ಪಿಳಿಪಿಳಿ ಅನ್ನುತ್ತಿದ್ದವು. ಪಕ್ಕದಲ್ಲಿ ಗಾರ್ಡಿನ ಫೋಟೊ. ಅದಕ್ಕೆ ಹಾಕಿದ್ದ ಮಲ್ಲಿಗೆ ಮಾಲೆ ಬಾಡಿರಲಿಲ್ಲ. ಬೀಗ ಮುಟ್ಟಿ ನೋಡಿದೆ, ಧೂಳು ಕೈಗೆ ಹತ್ತಿತು.

ಹೊರಗೋಡೆಗೆ ಹಳೆಯ ಮೀಟರ್. ಗಾಜಿನೊಳಗೆ ಚಕ್ರ ನಿಧಾನ ತಿರುಗುತ್ತಿತ್ತು. ಸತ್ತವನ ಮನೆಯ ಕರೆಂಟ್ ಬಿಲ್ ಯಾರು ಕಟ್ಟುತ್ತಿದ್ದಾರೆ ಎಂಬ ಪ್ರಶ್ನೆ ಆಗ ಹೊಳೆಯಿತು.

ಗಲ್ಲಿಯ ತಿರುವಿನಲ್ಲಿ ಬೈಕಿನ ಸದ್ದು ಕೇಳಿತು. ಮನೆಯೊಳಗೆ ಟಕ್ ಅಂತು. ಹಸಿರು ದೀಪ ಆರಿದವು. ಚಕ್ರ ನಿಂತಿತು.

ಮೀಟರಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ.

ಬೈಕಿನಲ್ಲಿ ಇಬ್ಬರು ಬಂದರು, ಕಂಕುಳಲ್ಲಿ ಫೈಲು. ಒಬ್ಬ ಬೀಗ ನೋಡಲೇ ಇಲ್ಲ. ಸೀದಾ ಮೀಟರಿಗೆ ಮುಖ ಹಚ್ಚಿ ಚಕ್ರ ನೋಡಿದ. ಅಲ್ಲೇ ಸಿಗರೇಟ್ ಹಚ್ಚಿ, ಸೇದಿ ಮುಗಿಸುವವರೆಗೂ ನೋಡಿದ. ಆಮೇಲೆ ನನ್ನನ್ನು ತೆಲುಗಿನಲ್ಲಿ ಕೇಳಿದ.

"ಎವರೂ ಲೇರಾ?"

ಯಾರೂ ಇಲ್ಲವಾ ಎಂದು. ತಲೆ ಅಲ್ಲಾಡಿಸಿದೆ. ಹೋದರು. ಬೈಕಿನ ಸದ್ದು ಪೂರ್ತಿ ಅಡಗಿದ ಮೇಲೆ ಒಳಗೆ ಮತ್ತೆ ಟಕ್. ಚಕ್ರ ತಿರುಗಿತು.

ಹಳಿಯ ಗೋಡೆಗುಂಟ, ಹೂ ಬಿಟ್ಟ ಮಲ್ಲಿಗೆ ಬಳ್ಳಿ ದಾಟಿ, ಹಿತ್ತಲಿಗೆ ಹೋದೆ. ಹಿಂಬಾಗಿಲಿಗೆ ಬೀಗವಿರಲಿಲ್ಲ. ತಟ್ಟಿದೆ. ಸದ್ದಿಲ್ಲ. ಬಾಗಿಲಿಗೆ ಕಿವಿ ಹಚ್ಚಿದೆ. ಬಾಗಿಲ ಆ ಕಡೆಯಿಂದ, ನನ್ನ ಕಿವಿಯ ಹತ್ತಿರವೇ, ಒಂದು ಹೆಂಗಸಿನ ದನಿ ಕೇಳಿತು.

"ಹೋದ್ರಾ?"

ಬಾಗಿಲು ನಾಲ್ಕು ಬೆರಳು ತೆರೆಯಿತು. ಗಾರ್ಡಿನ ಹೆಂಡತಿ. ಚಿಕ್ಕಂದಿನಿಂದ ನಾನು ಕಾಕೂ ಎಂದು ಕರೆಯುತ್ತಿದ್ದವರು. ಬಿಸಿಲು ಕಾಣದೆ ಮುಖ ಮೇಣದ ಹಾಗೆ ಆಗಿತ್ತು.

"ಕಾಕೂ! ನೀವು ತವರಿಗೆ ಹೋಗೀರಂತ—"

"ಮೆಲ್ಲಕ ಮಾತಾಡೋ, ಲೇತ್ ಮಷಿನ್ ಇದ್ದಂಗ ಅದೀ. ಮೈದುನಗ ತವರಿಗೆ ಹೋಗೀನಂತ ಹೇಳೀನಿ. ತವರಿನವ್ರಿಗೆ ಮೈದುನನ ಮನ್ಯಾಗ ಅದೀನಂತ. ಎರಡೂ ಕಡ್ಯಾವ್ರು ಮಾತು ಬಿಟ್ಟು ಹತ್ತು ವರ್ಷ ಆತು. ಪತ್ತೆ ಹತ್ತೂದಿಲ್ಲ."

"ಯಾಕ್ರಿ ಹಿಂಗ?"

"ಸಹಿಗೆ. ಮೈದುನ ಈ ಜಾಗಾ ಅಪಾರ್ಟ್‌ಮೆಂಟಿಗೆ ಮಾತಾಡ್ಯಾನ. ಆ ಬೈಕಿನವ್ರು ಬಿಲ್ಡರ್ ಕಡ್ಯಾವ್ರು. ನಾ ಕೈಗೆ ಸಿಕ್ಕರ ಪೆನ್ನು ಹಿಡಸ್ತಾರ. ಸಿಗಲಿಲ್ಲಂದ್ರ ಸಹಿ ಇಲ್ಲ."

ಸುತ್ತಿ ಬಳಸಿ ಮಾತಾಡಲು ನನಗೆ ಬರುವುದಿಲ್ಲ. "ದಿನಾ ಮೂರಕ್ಕ ಮೇನ್ ಸ್ವಿಚ್ ತೆಗೀಬ್ಯಾಡ್ರಿ. ಇನ್ನೊಮ್ಮೆ ತಡಾ ಆದ್ರ ಅಕ್ಕನ ಕೆಲಸ ಹೋಗತೈತಿ. ಅಪ್ಪ ಅಕೀನ್ನ ಗಂಡನ ಮನಿಗೆ ಒಯ್ದು ಬಿಡ್ತಾನ."

"ತೆಗೀಲಿಲ್ಲಂದ್ರ ಅವ್ರಿಗೆ ಚಕ್ರ ತಿರಗೂದು ಕಾಣತೈತಿ, ನನ್ನ ಮನಿ ಹೋಗತೈತಿ."

ಗೋಡೆಯಾಚೆ ಗೂಡ್ಸ್ ರೈಲು ಹೋಯಿತು. ಅದು ಪೂರ್ತಿ ಹೋಗುವವರೆಗೆ ಕಾಕೂ ನನ್ನ ಮುಖವನ್ನೇ ನೋಡುತ್ತಿದ್ದರು.

"ನಾ ಹಿಂಗ ಒಳಗ ಕೂಡೂ ಮೊದಲ ನಿಮ್ಮವ್ವ ಒಂದಿನ ಅತ್ಕೋತ ಹೇಳಿದ್ಲು, ನಿಮ್ಮಕ್ಕನ ಬೆನ್ನಿನ ವಿಷಯ," ಅಂದರು. "ಆ ಡಬ್ಬಿ ನೀನೇ ಒಯ್ದು ನಿಮ್ಮ ಮನ್ಯಾಗ ಹಾಕ್ಕೊ."

"ನಿಮ್ಮ ಪುಕ್ಕಟೆ ಟಿವಿ ಹೋಗತೈತಿ, ಕಾಕೂ."

"ಹೋಗ್ಲಿ ಬಿಡು. ಸಪ್ಪಳ ಇಲ್ಲದ ಟಿವಿ ನೋಡಿ ನೋಡಿ ನನಗೂ ಬ್ಯಾಸರಾಗೈತಿ."

ಬೀಗದ ಕೈ ಸಿಕ್ಕಿತ್ತು, ಡಬ್ಬಿ ತೆಗೆದೆ ಎಂದು ಕೇಬಲ್‌ನವನಿಗೆ ಸುಳ್ಳು ಹೇಳಿದೆ. ಅವನು ನಮ್ಮ ಮನೆಯ ಮೊಳೆಗೆ ಅದನ್ನು ನೇತುಹಾಕಿ, ಆ ಮನೆಯ ಟಿವಿ ವೈರು ಕತ್ತರಿಸಿದ. ನಮಗೆ ಅರ್ಧ ದರವಾಯಿತು. ಲೈನ್ ಮತ್ತೆ ಹೋಗಲಿಲ್ಲ. ತಿಂಗಳು ಮುಗಿಯಿತು, ಅಕ್ಕನ ಕೆಲಸ ಖಾಯಂ ಆಯಿತು. ಅಪ್ಪ ಮತ್ತೆ ಆ ಮಾತು ಎತ್ತಲಿಲ್ಲ.

ಕಾಕೂ ಒಳಗಿರುವುದನ್ನು ಅಕ್ಕನಿಗೊಬ್ಬಳಿಗೆ ಹೇಳಿದ್ದೆ. ಆದರೆ ಮೂರೂ ಕಾಲಾದರೆ ಅಕ್ಕನ ಬೆರಳು ಕೀಬೋರ್ಡ್ ಮೇಲೆ ತಾವಾಗಿ ನಿಲ್ಲುತ್ತಿದ್ದವು. ಲೈನ್ ಹೋಗುತ್ತಿದ್ದಷ್ಟು ದಿನ ಎದುರು ಮನೆಯಲ್ಲಿ ಒಬ್ಬರಿದ್ದಾರೆ ಎಂದು ಗೊತ್ತಾಗುತ್ತಿತ್ತು. ಈಗ ಯಾವ ಗುರುತೂ ಇಲ್ಲ. ನಾನು ಕೆಲಸದಿಂದ ಬರುವಾಗ ಮೀಟರ್ ನೋಡತೊಡಗಿದೆ. ಚಕ್ರ ತಿರುಗುತ್ತಿದ್ದರೆ ಕಾಕೂ ಇದ್ದಾರೆ. ಬೈಕಿನವನು ಮುಖ ಹಚ್ಚುತ್ತಿದ್ದ ಗಾಜಿಗೇ ನಾನೂ ಮುಖ ಹಚ್ಚುತ್ತಿದ್ದೆ.

ಒಂದು ದಿನ ಚಕ್ರ ನಿಂತಿತ್ತು. ಬೈಕು ಬಂದಿರಬೇಕು ಅಂದುಕೊಂಡೆ. ಮರುದಿನ ನೋಡಿದೆ, ಚಕ್ರದ ಅಂಚಿನ ಕರಿ ಗುರುತು ಅದೇ ಜಾಗದಲ್ಲಿತ್ತು. ಮೂರನೆಯ ದಿನವೂ ಅಲ್ಲೇ. ಅಕ್ಕ ಹೆಡ್‌ಫೋನ್ ಕೊರಳಿಗೆ ಇಳಿಸಿ, "ಹೋಗಿ ನೋಡಿ ಬಾ," ಅಂದಳು.

ಹಿತ್ತಲ ಬಾಗಿಲು ತಟ್ಟಿದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ನೆಲದ ಹತ್ತಿರದಿಂದ ಬಂದ ಹಾಗೆ ಒಂದು ದನಿ.

"ಮನ್ಯಾಗ ಯಾರೂ ಇಲ್ಲ."

"ಕಾಕೂ, ನಾನು."

"ಗೊತ್ತು. ಆದ್ರೂ ಯಾರೂ ಇಲ್ಲ. ಈಗ ಯಾವ ಹೊತ್ತಿಗೆ ಬೇಕಾದ್ರೂ ಬಂದು ಮೀಟರ್ ನೋಡ್ತಾರ. ಇನ್ನ ಕರೆಂಟ್ ಹಚ್ಚೂದೇ ಇಲ್ಲ ನಾ. ನೀನೂ ಬರಬ್ಯಾಡ."

ವಾಪಸ್ ಬಂದೆ. ಅಕ್ಕ ಬಾಗಿಲಲ್ಲೇ ನಿಂತಿದ್ದಳು.

"ಅದಾರೇನೋ?"

"ಇಲ್ಲಂತ ಅವ್ರೇ ಹೇಳಿದ್ರು."

ಅಕ್ಕ ಹಿಡಿದಿದ್ದ ಉಸಿರು ಬಿಟ್ಟಳು. ಒಳಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡು ಟೈಪ್ ಮಾಡತೊಡಗಿದಳು.