ಒಂದು ಹೆಚ್ಚಿನ ರೊಟ್ಟಿ

ರೊಟ್ಟಿಗೆ ನೀರು ಸವರಿ ಸವರಿ ಆಯಿಯ ಬಲಗೈ ಬೆರಳುಗಳ ತುದಿ ಗೆರೆಯೇ ಇಲ್ಲದೆ ನುಣ್ಣಗಾಗಿತ್ತು. ಕಾದ ಹಂಚಿನ ಮೇಲೆ ಆ ಬೆರಳುಗಳು ಹೆದರಿಕೆಯಿಲ್ಲದೆ ಓಡಾಡುತ್ತಿದ್ದವು. ಬಾಯಿ ಮಾತ್ರ ದೇವರ ಜೊತೆ ಮಾತಾಡುತ್ತಿತ್ತು.

ಆಯಿ ನಮ್ಮ ಸಂಬಂಧಿಯಲ್ಲ. ಐನಾಪುರದಲ್ಲಿ ಪಕ್ಕದ ಮನೆಯವರು, ನಮ್ಮ ಕ್ರೈಸ್ತ ಸಭೆಯ ಹಿರಿಯರು. ಎಂಬತ್ತರ ದಶಕದಲ್ಲಿ, ಅತ್ತೆಯಿಲ್ಲದ ಮನೆಗೆ ಸೊಸೆಯಾಗಿ ಬಂದ ನನಗೆ ಅವರ ಒಲೆಯೇ ತವರು. ಅವರು ಮೊಣಕಾಲೂರಿ ಪ್ರಾರ್ಥಿಸಿದ್ದನ್ನು ನಾನು ಕಂಡದ್ದು ಭಾನುವಾರ ಮಾತ್ರ. ಉಳಿದ ದಿನ ರೊಟ್ಟಿ ಬಡಿಯುತ್ತಲೇ ಪ್ರಾರ್ಥನೆ. ಮನೆಗೆ ಬೇಕಾದಷ್ಟು ಬಡಿದ ಮೇಲೆ, ಯಾರಿಗಾಗಿ ಬೇಡಿಕೊಂಡರೋ ಅವರ ಹೆಸರಿನಲ್ಲಿ ಒಂದು ಹೆಚ್ಚಿನ ರೊಟ್ಟಿ. ಆಮೇಲೆ ಬಾಗಿಲಿಗೆ ಮೊದಲು ಬಂದವರಿಗೆ ಅದು ಸಲ್ಲಬೇಕು. ಅಂಚೆಯವನಾಗಲಿ, ಬುಟ್ಟಿ ಮಾರುವವಳಾಗಲಿ, ಬೀದಿನಾಯಿಯಾಗಲಿ.

ಗೋಡೆಯಾಚೆ ಜೈನರ ಮನೆಯ ಕಾಕು ಇದ್ದರು, ಓಣಿಗೆಲ್ಲ ಚಿಕ್ಕಮ್ಮ. ಅವರು ಕೆಣಕುತ್ತಿದ್ದರು: “ಆಯಿ, ನಿಮ್ಮ ದೇವ್ರಿಗೆ ಕಿವಿ ಚಲೋ ಕೇಳಸ್ತಾವೋ ಇಲ್ಲೋ? ಹಂಗ್ಯಾಕ ಬಡೀತೀರಿ?”

“ಅಂವಗ ಕೇಳಸ್ತೈತ್ರಿ. ನನಗ ಕೇಳಸ್ಬೇಕಲ್ಲ.”

ಮಾತು ಎಷ್ಟೇ ಇರಲಿ, ನಮ್ಮ ಮನೆಗಳಲ್ಲಿ ಕಾಕು ನೀರೂ ಕುಡಿದವರಲ್ಲ. ಅದು ಅವರ ನೇಮ. ಆಯಿ ಅದಕ್ಕೆ ಎಂದೂ ಬೇಸರಪಟ್ಟವರಲ್ಲ.

ಒಂದು ಶ್ರಾವಣದಲ್ಲಿ, ಲಾರಿಯಲ್ಲಿ ಬೆಲ್ಲ ಹೇರಿಕೊಂಡು ಸಾಂಗಲಿಗೆ ಹೋದ ನಮ್ಮ ಯಜಮಾನರು ಮರಳಲಿಲ್ಲ. ಕೃಷ್ಣೆ ಏರಿ ಸೇತುವೆ ಮುಳುಗಿತ್ತು. ಲಾರಿಯೊಂದು ಕೊಚ್ಚಿಹೋಗಿದೆ ಎಂದು ಬಸ್ ಸ್ಟ್ಯಾಂಡಿನಲ್ಲಿ ಯಾರೋ ಅಂದರು. ಯಾರ ಲಾರಿ ಎಂದು ಹೇಳುವವರಿರಲಿಲ್ಲ. ನಾನು ಪ್ರಾರ್ಥನೆಗೆ ಕುಳಿತರೆ ಬಾಯೇ ತೆರೆಯದು.

“ಬರವಲ್ದು ಆಯಿ,” ಎಂದೆ. “ಮನಸ್ಸ ಸತ್ತೈತಿ. ಏನಂತ ಕೇಳ್ಲಿ?”

“ಮನಸ್ಸ ಆಮ್ಯಾಲ. ಕೈ ಅದಾವಲ್ಲ, ಹಿಟ್ಟ ನಾದು. ಕಣ್ಣ ಮಾತ್ರ ಮುಚ್ಚಬ್ಯಾಡ ತಂಗಿ, ರೊಟ್ಟಿ ಸೀದೀತು.”

ನಾನು ಬಡಿಯುತ್ತಿದ್ದೆ, ಅವರು ಬೇಡುತ್ತಿದ್ದರು. ಬೇಡುವುದೇನು, ಜಗಳವೇ. “ಸ್ವಾಮಿ, ಮೀನ ಸುಟ್ಟು ಶಿಷ್ಯರನ್ನ ಊಟಕ್ಕ ಕರದಾಂವ ನೀ. ಒಲಿ ಮುಂದ ಕುಂತಾಕಿ ಸಂಕಟ ನಿನಗ ತಿಳಿವಲ್ದೇನು? ಈ ಹುಡುಗಿ ಗಂಡನ್ನ ಕರಕೊಂಡ ಬಾ.”

ದಿನವೂ ಯಜಮಾನರ ಹೆಸರಿನ ರೊಟ್ಟಿ ಬೇರೆ ಯಾರದೋ ಪಾಲಾಯಿತು. ಬುಟ್ಟಿ ಮಾರುವವಳು ತಿಂದು, “ದಪ್ಪ ಬಡದೀಯವ್ವಾ,” ಎಂದು ಹೋದಳು.

ಒಂದು ಬೆಳಿಗ್ಗೆ ರೊಟ್ಟಿ ಹಂಚಿನ ಮೇಲಿತ್ತು. ‘ಅವರನ್ನ ಕೊಡಪ್ಪಾ’ ಎಂಬ ಮಾತು ನನ್ನೊಳಗೆ ಎಲ್ಲಿಂದಲೋ ಎದ್ದು ಬಂತು. ಹಿಂದೆಯೇ ಅಳು, ಅಳುವಿನ ಹಿಂದೆ ಇನ್ನೂ ಎಷ್ಟೋ ಮಾತು. ಸೀದ ವಾಸನೆಗೆ ಕಣ್ಣು ತೆರೆದರೆ ರೊಟ್ಟಿ ಕರ್ರಗಾಗಿತ್ತು. ಬೈಗುಳಕ್ಕೆ ಕಾದೆ. ಆಯಿ ಹಿಟ್ಟಿನ ಕೈಯಲ್ಲೇ ನನ್ನ ಗಲ್ಲ ಹಿಡಿದುಕೊಂಡರು.

“ಸೀಯಲಿ ಬಿಡು. ಇವತ್ತ ನೀ ಬೇಡ್ಕೊಂಡಿ ನೋಡು.” ಆಮೇಲೆ ಗೋಡೆಯ ಕಡೆ ತಿರುಗಿ, “ಏನ್ರೀ, ಕೇಳಿದ್ರಿ? ನಮ್ಮ ಹುಡುಗಿ ರೊಟ್ಟಿ ಸುಟ್ಟಾಳ್ರಿ,” ಎಂದು ಮಗು ಹುಟ್ಟಿದ ಸುದ್ದಿಯಂತೆ ಸಾರಿದರು.

“ಪೇಢೆ ಹಂಚ್ತೀರೇನ್ರಿ ಮತ್ತ?” ಎಂದು ಆಚೆಯಿಂದ ಬಂತು.

ಅಂದು ಮಧ್ಯಾಹ್ನದವರೆಗೆ ಯಾರೂ ಬಾಗಿಲಿಗೆ ಬರಲಿಲ್ಲ. ಸೀದ ರೊಟ್ಟಿ ಬುಟ್ಟಿಯಲ್ಲೇ ಇತ್ತು. ಆಗ ಓಣಿಯಿಂದ ಕಾಕುವಿನ ದನಿ: “ಬಂದ್ರು ನೋಡು! ನಿಮ್ಮವ್ರು ಬಂದ್ರು!”

ಎದ್ದೆ, ಎಡವಿದೆ, ಹಿಟ್ಟಿನ ತಾಟು ಉರುಳಿತು. ಹೊಸ್ತಿಲಾಚೆ ಅವರು, ಮೊಣಕಾಲವರೆಗೆ ಕೆಸರು, ಚಪ್ಪಲಿ ಕೈಯಲ್ಲಿ. ಮಿರಜದ ಹತ್ತಿರ ಲಾರಿ ನಿಲ್ಲಿಸಿಕೊಂಡು ನೀರು ಇಳಿಯಲೆಂದು ಕಾದಿದ್ದರಂತೆ. ಅದನ್ನೆಲ್ಲ ಹೇಳುವ ಮೊದಲೇ ಆಯಿ ಆ ಕರಿ ರೊಟ್ಟಿಯನ್ನು ಅವರ ಕೈಗಿಟ್ಟರು.

“ಮೊದಲ ಇದನ್ನ ತಿನ್ನು. ನಿನ್ನ ಹೆಸರಿಂದು.”

“ಇದೇನ್ ಆಯಿ, ರೊಟ್ಟಿಯೋ ಇದ್ದಿಲಿಯೋ?” ಎನ್ನುತ್ತಲೇ ಅವರು ಪೂರ್ತಿ ತಿಂದರು. ಆಯಿ ನಗುನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಂಥ ಗದ್ದಲದ ಸಂತೋಷವನ್ನು ನಮ್ಮ ಮನೆ ಮತ್ತೆ ಕಾಣಲಿಲ್ಲ.

ತೊಂಬತ್ತರ ದಶಕದ ಕೊನೆಗೆ ಆಯಿ ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ನನ್ನ ಬಾಯಿ ಮತ್ತೆ ಬಿಗಿಯಿತು. ಪಾದ್ರಿಗಳು ಬಂದು ಸಮಾಧಾನ ಹೇಳಿದರು. ನನಗೆ ‘ತಂದೆಯೇ’ ಎನ್ನಲೂ ಆಗಲಿಲ್ಲ.

ಮರುದಿನ ಇಳಿಹೊತ್ತಿನಲ್ಲಿ ಆಯಿಯ ಒಲೆಯ ಮುಂದೆಯೇ ಹಿಟ್ಟು ನಾದಿ ಬಡಿಯಲು ಕುಳಿತೆ. ಮೊದಲು ಬರೀ ಸದ್ದು. ಬಡಿಯುತ್ತ ಬಡಿಯುತ್ತ ಒಂದು ಮಾತು ಬಂತು, ಆಮೇಲೆ ಇನ್ನೊಂದು. ಮನೆಗೆ ಸಾಕಾಗುವಷ್ಟಾದ ಮೇಲೂ ಕೈ ನಿಲ್ಲಲಿಲ್ಲ, ಒಂದು ಹೆಚ್ಚಿಗೆ ಬಡಿದಿತ್ತು. ಆಯಿಗಾಗಿ ಇನ್ನು ಬೇಡುವುದೇನಿದೆ? ಅವರು ದಿನವೂ ಯಾರೊಡನೆ ಜಗಳವಾಡುತ್ತಿದ್ದರೋ ಅವನ ಬಳಿಗೇ ಹೋಗಿದ್ದರು.

ತಲೆಯೆತ್ತಿದರೆ ಬಾಗಿಲಲ್ಲಿ ಕಾಕು.

“ಸಪ್ಪಳ ಕೇಳಿ ಬಂದೆ. ಇವತ್ತ ಯಾರ ಹೆಸರಿಂದು?”

“ನನ್ನ ಹೆಸರಿಂದ್ರಿ, ಕಾಕು.”

ಅವರು ಹೊಸ್ತಿಲಾಚೆ ಚಪ್ಪಲಿ ಬಿಟ್ಟರು. “ಹಂಗಾದ್ರ ಮೊದಲ ಬಂದಾಕಿ ನಾನಲ್ಲ?” ಎಂದರು. ಒಳಗೆ ಬಂದು, ಒಲೆಯ ಮುಂದೆ ಆಯಿ ಕೂರುತ್ತಿದ್ದ ಜಾಗ ಬಿಟ್ಟು ಪಕ್ಕಕ್ಕೆ ಕುಳಿತು, ಕೈ ಚಾಚಿದರು.