ಮುಂದಿನ ಗಾಲಿಯ ಮರೆ

ದೆವ್ವ ಭೂತದ ಮಾತು ಶುರುವಾದರೆ ನಾನು ಎದ್ದು ಹೋಗುವವಳು. ಕೇಳಿದವರು ನಗುತ್ತಾರೆ ಎಂದೇ ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಈಗಲೂ ನಡೆದದ್ದನ್ನಷ್ಟೇ ಹೇಳುತ್ತೇನೆ, ಅದಕ್ಕೆ ಹೆಸರಿಡುವ ಕೆಲಸ ನನ್ನದಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಹುಬ್ಬಳ್ಳಿ-ಧಾರವಾಡದಲ್ಲಿ ರೇಸ್ ಸೈಕಲ್ ತುಳಿಯುವ ಹುಡುಗಿಯರು ನಾವು ಬೆರಳೆಣಿಕೆಯಷ್ಟು. ಆಗ ನಮ್ಮ ಕೋಚ್‌ಗೆ ಪರದೇಶದ ಗೆಳೆಯರೊಬ್ಬರು ತಾವು ಬಳಸಿದ್ದ ಹಿಂದಿನ ಗಾಲಿಯೊಂದನ್ನು ಕೊಟ್ಟರು. ಗಾಲಿಯ ನಡುವಿನ ದಪ್ಪ ಗುಂಬದೊಳಗೆ ಯಂತ್ರವಿತ್ತು. ನಾವು ತುಳಿಯುವ ಬಲವನ್ನು ಅದು ಅಳೆದು, ಹ್ಯಾಂಡಲ್ ಮೇಲಿನ ಬೆಂಕಿಪೊಟ್ಟಣದಷ್ಟು ಪರದೆಯಲ್ಲಿ ಇಷ್ಟು ವ್ಯಾಟ್ ಎಂದು ತೋರಿಸುತ್ತಿತ್ತು.

"ಸ್ಪೀಡ್ ನೋಡಬ್ಯಾಡ್ರಿ," ಎನ್ನುತ್ತಿದ್ದರು ಸರ್. "ಇಳಿಜಾರ ಸಿಕ್ರ, ಬೆನ್ನಿಗೆ ಗಾಳಿ ಸಿಕ್ರ ಯಾರರ ಓಡಸ್ತಾರ. ಕಾಲಾಗ ಎಷ್ಟ ಶಕ್ತಿ ಐತಿ ಅನ್ನೂದನ್ನ ಇದೊಂದ ಖರೇ ಹೇಳ್ತೈತಿ."

ಇಪ್ಪತ್ತು ನಿಮಿಷ ಒಬ್ಬಳೇ ಪ್ರಾಣ ಬಿಟ್ಟು ತುಳಿಯಬೇಕು. ಅದರ ಸರಾಸರಿಯೇ ನಮ್ಮ ಅಳತೆ. ಮುಂದಿನ ತರಬೇತಿಯೆಲ್ಲ ಆ ಅಳತೆಯ ಮೇಲೆಯೇ. ಇವತ್ತು ಅದರ ಮುಕ್ಕಾಲು ಪಾಲು, ನಾಳೆ ಅದಕ್ಕಿಂತ ತುಸು ಮೇಲೆ. ನನ್ನ ಅಳತೆ ಇನ್ನೂರರ ಆಸುಪಾಸಿನಲ್ಲಿತ್ತು. ಆಪಾಳದ್ದು ನನಗಿಂತ ಬಹಳ ಮೇಲೆ, ನನಗೆ ಹೊಟ್ಟೆ ಉರಿಯುವಷ್ಟು ಮೇಲೆ.

ಆಪಾ ಎಂದರೆ ಹಳೇ ಹುಬ್ಬಳ್ಳಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಚಾಚಾರ ಮಗಳು. ನನಗಿಂತ ಮೂರು ವರ್ಷ ದೊಡ್ಡವಳು, ಅದಕ್ಕೇ ಆಪಾ, ಅಂದರೆ ಅಕ್ಕ. ನಸುಕಿನಲ್ಲಿ ಅಲ್ಲಿಂದ ನವನಗರಕ್ಕೆ ಬಂದು ನಮ್ಮ ಮನೆಯ ಮುಂದೆ ಬೆಲ್ ಹೊಡೆಯುತ್ತಿದ್ದಳು. ಇಬ್ಬರೂ ಧಾರವಾಡದ ಕಡೆ ಹೊರಡುತ್ತಿದ್ದೆವು. ಮುಂದೆ ಅವಳು, ಅವಳ ಗಾಲಿಗೆ ಒಂದು ಗೇಣು ಬಿಟ್ಟು ಹಿಂದೆ ನಾನು. ಮುಂದಿನವರು ಗಾಳಿ ಒಡೆದರೆ ಹಿಂದಿನವರಿಗೆ ತುಳಿಯುವುದು ಹಗುರ. ಹೊತ್ತಿಗೊಮ್ಮೆ ಮುಂದಿನವರು ಮೊಣಕೈ ಆಡಿಸಿ ಪಕ್ಕಕ್ಕೆ ಸರಿಯುತ್ತಾರೆ, ಹಿಂದಿನವರು ಮುಂದೆ ಬರುತ್ತಾರೆ. ದೊಡ್ಡವರು ಮೊಣಕೈ ಆಡಿಸದೆ ಚಿಕ್ಕವರು ದಾಟುವಂತಿರಲಿಲ್ಲ. ಅದು ನಮ್ಮ ಗುಂಪಿನ ಕಟ್ಟುನಿಟ್ಟು. ಆಪಾ ಮಾತ್ರ ಮೊಣಕೈ ಆಡಿಸುತ್ತಲೇ ಇರಲಿಲ್ಲ. "ಸುಮ್ನ ಕುಂದರ. ನಿನ್ನ ಕಾಲು ಇನ್ನೂ ಹಸೀ ಅದಾವ," ಎಂದು ಗಾಳಿಯನ್ನೆಲ್ಲ ತಾನೇ ತಿನ್ನುತ್ತಿದ್ದಳು.

ಮಳೆಗಾಲ ಹತ್ತಿದಾಗ ಅವಳಿಗೆ ಜ್ವರ ಬಂತು. ಒಂದು ವಾರದೊಳಗೆ ಅವಳು ಇಲ್ಲವಾದಳು. ನನಗೆ ಅಳು ಬರಲಿಲ್ಲ. ಬರೀ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಿರಲಿಲ್ಲ.

ರಾಜ್ಯ ತಂಡಕ್ಕೆ ಸರ್ ಒಬ್ಬಳ ಹೆಸರು ಕಳಿಸಬೇಕಿತ್ತು. ಆಪಾಳದ್ದೇ ಎಂದು ಎಲ್ಲರಿಗೂ ಗೊತ್ತಿದ್ದ ಜಾಗ ಅದು. ಈಗ ಸರ್ ಆ ಗಾಲಿಯನ್ನು ನನ್ನ ಸೈಕಲ್ಲಿಗೆ ಹಾಕಿಸಿ, ಇಪ್ಪತ್ತು ನಿಮಿಷ ಇನ್ನೂರಹತ್ತು ವ್ಯಾಟ್ ಹಿಡಿದು ತೋರಿಸು ಎಂದರು. ಇತ್ತ ಅವ್ವ, "ಈ ಸಲ ಆಗಲಿಲ್ಲಂದ್ರ ಸೈಕಲ್ ಅಟ್ಟದ ಮ್ಯಾಲೆ, ತಿಳೀತಿಲ್ಲ?" ಎಂದಿದ್ದಳು. ಅವ್ವ ಆಡಿದ ಮಾತು ಹಿಂದೆಗೆಯುವವಳಲ್ಲ.

ಮೊದಲ ದಿನ ಒಬ್ಬಳೇ ಹೊರಟೆ. ಆಷಾಢದ ಗಾಳಿ ಎದುರಿನಿಂದ ಕಪಾಳಕ್ಕೆ ಹೊಡೆದಂತೆ ಬೀಸುತ್ತಿತ್ತು. ಅಮರಗೋಳದ ಮಾರ್ಕೆಟ್ಟಿಗೆ ಹೊರಟ ಉಳ್ಳಾಗಡ್ಡಿ ಲಾರಿಗಳು ಎದುರಾಗಿ ಹೋದವು. ಆಮೇಲೆ ರಸ್ತೆ ಖಾಲಿ. ಎರಡೂ ಬದಿಗೆ ಹೊಲವಿರುವ ನೇರ ದಾರಿಗೆ ಬಂದಾಗ ಪರದೆಯ ಅಂಕಿ ಇಳಿಯತೊಡಗಿತು. ಇನ್ನೂರು, ನೂರಾ ಎಪ್ಪತ್ತು, ನೂರಾ ನಲವತ್ತು. ವೇಗ ಅಷ್ಟೇ ಇತ್ತು. ಕಿವಿಯಲ್ಲಿ ಭೋರೆನ್ನುತ್ತಿದ್ದ ಗಾಳಿ ನಿಂತಿತ್ತು. ಆದರೆ ಬದಿಯ ಹೊಲದಲ್ಲಿ ಜೋಳ ನೆಲಕ್ಕೆ ಬಾಗುವಂತೆ ಓಲಾಡುತ್ತಿತ್ತು.

ವಾಪಸ್ ಬಂದ ಮೇಲೆ ಸರ್ ಆ ಅಂಕಿಗಳನ್ನು ಕಂಪ್ಯೂಟರಿಗೆ ಇಳಿಸಿ, ಅವುಗಳ ಏರಿಳಿತದ ಗೆರೆ ನೋಡಿ ಹುಬ್ಬು ಗಂಟಿಕ್ಕಿದರು. "ಯಾರ ಹಿಂದ ಕುಂತಿದ್ದಿ?"

"ಯಾರೂ ಇರಲಿಲ್ರಿ ಸರ್."

"ಸುಳ್ಳ ಹೇಳಬ್ಯಾಡ. ಇದು ಇನ್ನೊಬ್ಬರ ಮರೆಯಾಗ ತುಳದವರ ನಂಬರ್."

ನನಗೆ ರೇಗಿತು. ಯಂತ್ರ ಕೆಟ್ಟಿದೆ ಎಂದು ವಾದಿಸಿದೆ. ಸರ್ ಬ್ಯಾಟರಿ ಬದಲಿಸಿದರು, ಪೆಡಲಿಗೆ ತೂಕ ತೂಗುಹಾಕಿ ಅಳತೆ ಸರಿ ಇದೆಯೇ ಎಂದು ನೋಡಿದರು. ಯಂತ್ರ ನೆಟ್ಟಗಿತ್ತು. ಆ ಹೊಲಗಳ ನಡುವೆ ಮಾತ್ರ ದಿನವೂ ಅಂಕಿ ಇಳಿಯುತ್ತಿತ್ತು. ಇನ್ನಷ್ಟು ತುಳಿಯೋಣವೆಂದರೆ ಕಾಲು ತಾನಾಗಿ ತಡೆಯುತ್ತಿತ್ತು, ಎದುರಿನ ಗಾಲಿಗೆ ಎಲ್ಲಿ ತಾಗುತ್ತೇನೋ ಎಂಬಂತೆ. ಎದುರಿಗೆ ಗಾಲಿ ಎಲ್ಲಿತ್ತು!

ಕೊನೆಗೆ ಒಂದು ಬೆಳಗ್ಗೆ ಸರ್ ತಾವೇ ಮೋಟಾರ್ ಸೈಕಲ್ ಮೇಲೆ ಹಿಂದೆ ಬಂದರು. ಮಳೆ ಆಗಷ್ಟೇ ನಿಂತು ರಸ್ತೆ ಒದ್ದೆಯಾಗಿತ್ತು. ಅದೇ ಜಾಗದಲ್ಲಿ ಅಂಕಿ ಇಳಿಯಿತು. ನಾನು ತುಳಿಯುತ್ತಲೇ ಕೈ ಎತ್ತಿ ತೋರಿಸಿದೆ. ಸರ್ ಪಕ್ಕಕ್ಕೆ ಬಂದು ಪರದೆ ನೋಡಿದರು, ಖಾಲಿ ರಸ್ತೆ ನೋಡಿದರು, ಆಮೇಲೆ ಇಬ್ಬರೂ ನಿಂತಾಗ ನನ್ನ ಮುಖವನ್ನೇ ನೋಡಿದರು.

"ಮಾರಿ ಒರಸ್ಕೋ," ಎಂದರು ಮೆಲ್ಲಗೆ.

ಒರೆಸಿಕೊಂಡೆ. ಗದ್ದದಿಂದ ಹಣೆಯವರೆಗೆ ನಡುವೆ ಸಾಲಾಗಿ ಕೆಸರು. ನಮ್ಮದೇ ಗಾಲಿಯ ರಾಡಿ ಕಾಲಿಗೆ, ಬೆನ್ನಿಗೆ ಸಿಡಿಯುತ್ತದೆ; ಒದ್ದೆ ರಸ್ತೆಯಲ್ಲಿ ಇನ್ನೊಬ್ಬರ ಬೆನ್ನು ಹತ್ತಿ ತುಳಿದರೆ, ಅವರ ಗಾಲಿ ಹಾರಿಸಿದ ರಾಡಿ ಹೀಗೆ ಮುಖಕ್ಕೆ ಬಡಿಯುತ್ತದೆ. ಸರ್ "ನಾಳೆನ ಟೆಸ್ಟ್ ಮುಗಿಸಿಬಿಡೂಣು," ಎಂದು ಗಾಡಿ ತಿರುಗಿಸಿದರು.

ಮರುದಿನ ಬೇಕೆಂದೇ ಅದೇ ರಸ್ತೆ ಹಿಡಿದೆ. ಮೊದಲ ಹತ್ತು ನಿಮಿಷ ಇನ್ನೂರಹದಿನೈದು ಕಾಯ್ದುಕೊಂಡೆ. ಹೊಲಗಳು ಬಂದವು, ಗಾಳಿ ನಿಂತಿತು, ಅಂಕಿ ಇಳಿಯಿತು. ಹೀಗೆಯೇ ಆ ಮರೆಯಲ್ಲಿ ಹೋಗಿಬಿಟ್ಟರೆ ಎಷ್ಟು ಸುಖ ಎನ್ನಿಸಿತು, ಸುಳ್ಳು ಹೇಳುವುದಿಲ್ಲ. ಎದುರಿಗೆ ಏನಿದೆಯೋ ಎಂಬುದಕ್ಕಿಂತ ಆ ಸುಖವೇ ನನ್ನನ್ನು ಹೆಚ್ಚು ಹೆದರಿಸಿತು. ಇಲ್ಲೇ ಕುಳಿತರೆ ಸೈಕಲ್ ಅಟ್ಟ ಸೇರುತ್ತದೆ. ಮೊಣಕೈ ಆಡಿಸಿ ದಾಟು ಎನ್ನುವವರು ಯಾರೂ ಇಲ್ಲ.

"ಆಪಾ, ನಾ ಮುಂದ ಹೊಂಟೆ," ಎಂದು ಕೂಗಿಯೇಬಿಟ್ಟೆ. ಬಲಕ್ಕೆ ಸರಿದು ಎದ್ದು ನಿಂತು ತುಳಿದೆ. ಎಡಕ್ಕೆ ನೋಡಲು ಧೈರ್ಯ ಬರಲಿಲ್ಲ. ಒಂದು ಸೈಕಲ್ಲಿನ ಉದ್ದ ದಾಟುವಷ್ಟರಲ್ಲಿ ಗಾಳಿ ಎದೆಗೆ ಬಂದು ಅಪ್ಪಳಿಸಿತು. ಅಂಕಿ ಏರಿತು, ಇನ್ನೂರಮೂವತ್ತು, ನಲವತ್ತು. ಕೊನೆಯವರೆಗೂ ಅದನ್ನು ಇಳಿಯಗೊಡಲಿಲ್ಲ. ಸರಾಸರಿ ಇನ್ನೂರಹತ್ತನ್ನು ದಾಟಿತ್ತು.

ಮರುದಿನ ಅಲ್ಲಿಗೆ ಮತ್ತೆ ಹೋದೆ. ಬೇಕೆಂದೇ ನಿಧಾನ ಮಾಡಿ ಕಾದೆ. ಗಾಳಿ ಬೀಸುತ್ತಲೇ ಇತ್ತು. ಪರದೆಯ ಅಂಕಿ ಇದ್ದಲ್ಲೇ ಇತ್ತು. ಅದರ ಮರುದಿನವೂ ಹಾಗೆಯೇ.

ಆಯ್ಕೆಯ ಸುದ್ದಿ ಬಂದ ಸಂಜೆ ಚಾಚಾರ ಅಂಗಡಿಗೆ ಹೋಗಿ ಹೇಳಿದೆ. ಅವರು ಕೈಯೊಳಗಿನ ಗಾಲಿ ಕೆಳಗಿಟ್ಟು, ಎಣ್ಣೆಯ ಕೈ ಒರೆಸಿಕೊಂಡು, ನನ್ನ ತಲೆಯ ಮೇಲೆ ಕೈಯಿಟ್ಟರು.

"ಪೂರಾ ಒಬ್ಬಾಕಿನ ತುಳದಿ ಏನ, ಬೇಟಿ?"

"ಹೌದ್ರಿ ಚಾಚಾ, ಒಬ್ಬಾಕಿನ," ಎಂದೆ. ಅಷ್ಟು ದಿನ ಬಾರದ ಅಳು ಆಗ ಬಂತು.